ವರ್ಗೀಕರಣ ಪ್ರಬಂಧಕ್ಕೆ ನಕ್ಷೆ ಹಾಕುವುದು ಹೇಗೆ? (ವಿಷಯ: ವಾದ್ಯಗಳು)

ಪ್ರಶ್ನೆ: ಪಿಯು_ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಕರ್ನಾಟಕದಲ್ಲಿ ಬಳಕೆಯಲ್ಲಿರುವ ವಾದ್ಯಗಳ ಬಗ್ಗೆ 500 ಪದಗಳ ವರ್ಗೀಕರಣ ಪ್ರಬಂಧ ಬರೆಯಬೇಕು. ಮೊದಲು ಗ್ರಾಫಿಕ್ ಆರ್ಗನೈಸರ್ (ವಿಷಯವನ್ನು ಜೋಡಿಸಿ ತೋರಿಸುವ ನಕ್ಷೆ) ಹಾಕಿ ತೋರಿಸಬೇಕಂತೆ. ಹಾಳೆಯ ನಡುವೆ ‘ವಾದ್ಯಗಳು’ ಎಂದು ಬರೆದು ಸುತ್ತ ಐದು ವೃತ್ತ ಹಾಕಿದ್ದೇನೆ: ತಂತಿ ವಾದ್ಯ, ಚರ್ಮವಾದ್ಯ, ಊದುವ ವಾದ್ಯ, ಜಾನಪದ ವಾದ್ಯ, ದೇವಸ್ಥಾನದ ವಾದ್ಯ. ಡೊಳ್ಳು ಎರಡು ವೃತ್ತಕ್ಕೆ ಸೇರುತ್ತಿದೆ, ನಾಗಸ್ವರವೂ ಹಾಗೇ. ಘಟ, ಹಾರ್ಮೋನಿಯಂ ಎಲ್ಲಿ ಹಾಕಬೇಕೋ ತಿಳಿಯುತ್ತಿಲ್ಲ. ಹೇಗೆ ಸರಿಮಾಡಲಿ?

ಉತ್ತರ: ಪ್ರಬಂಧ_ಪಾಠ

ವೃತ್ತಗಳನ್ನು ಬಿಡಿ. ನಡುವಿನಿಂದ ಗೆರೆ ಎಳೆದು ಸುತ್ತ ಬರೆಯುವ ನಕ್ಷೆ ವಿಷಯ ನೆನಪು ಮಾಡಿಕೊಳ್ಳಲು ಚೆನ್ನ, ವರ್ಗೀಕರಣಕ್ಕೆ ಸಾಲದು. ಯಾವ ವೃತ್ತ ಯಾವ ಆಧಾರದ ಮೇಲೆ ಬಂತು ಎಂದು ಅದು ಕೇಳುವುದೇ ಇಲ್ಲ. ನಿಮ್ಮ ಮೊದಲ ಮೂರು ವರ್ಗಗಳು ನಾದ ಹುಟ್ಟುವ ರೀತಿಯಿಂದ ಬಂದಿವೆ, ನಾಲ್ಕನೆಯದು ಪರಂಪರೆಯಿಂದ, ಐದನೆಯದು ಬಳಸುವ ಜಾಗದಿಂದ. ಡೊಳ್ಳು ಎರಡು ಕಡೆ ಬಿದ್ದದ್ದು ಇದರಿಂದಲೇ.

ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ತಲೆಯಲ್ಲಿ ವಿಷಯ, ಅದರ ಕೆಳಗೆ ಇನ್ನೊಂದು ಚೌಕದಲ್ಲಿ ಆಧಾರ. ಆಧಾರವನ್ನು ಪ್ರಶ್ನೆಯ ರೂಪದಲ್ಲೇ ಬರೆಯಿರಿ: ‘ನುಡಿಸಿದಾಗ ಮೊದಲು ಕಂಪಿಸುವುದು ಯಾವುದು?’ ಇದನ್ನು ಬರೆಯುವವರೆಗೆ ಕೆಳಗೆ ಒಂದು ಗೆರೆಯನ್ನೂ ಎಳೆಯಬೇಡಿ. ಈ ಪ್ರಶ್ನೆಗೆ ಉತ್ತರ ನಾಲ್ಕೇ: ತಂತಿ, ಗಾಳಿ, ಚರ್ಮ, ವಾದ್ಯದ ಮೈ. ಭರತನ ನಾಟ್ಯಶಾಸ್ತ್ರ 28ನೇ ಅಧ್ಯಾಯದ ಆರಂಭದಲ್ಲೇ ಹೇಳುವ ತತ, ಸುಷಿರ, ಅವನದ್ಧ, ಘನ ಎಂಬ ನಾಲ್ಕು ವರ್ಗಗಳು ಕ್ರಮವಾಗಿ ಇವೇ. ಸಾವಿರಾರು ವರ್ಷ ಬಾಳಿದ ವಿಂಗಡಣೆ ಇದು, ಧೈರ್ಯವಾಗಿ ಬಳಸಿ.

ಈಗ ನಾಲ್ಕು ಕಂಬಸಾಲು ಎಳೆದು, ಪ್ರತಿಯೊಂದನ್ನೂ ಐದು ಅಡ್ಡಸಾಲುಗಳಾಗಿ ಕತ್ತರಿಸಿ:

1. ಒಂದೇ ವಾಕ್ಯದ ಲಕ್ಷಣ
2. ಎರಡು ಅಥವಾ ಮೂರು ಉದಾಹರಣೆ
3. ಒಂದು ಉದಾಹರಣೆಯ ಹತ್ತಿರದ ವಿವರ
4. ಗೊಂದಲ ಹುಟ್ಟಿಸುವ ವಾದ್ಯ, ಅದು ಇಲ್ಲೇ ಸೇರಲು ಕಾರಣ
5. ಮುಂದಿನ ವರ್ಗಕ್ಕೆ ಕೊಂಡಿ

ಘನ ವಾದ್ಯದ ಕಂಬಸಾಲು ತುಂಬಿ ತೋರಿಸುತ್ತೇನೆ. ಲಕ್ಷಣ: ತಂತಿ, ಚರ್ಮ, ಊದುವ ಗಾಳಿ ಯಾವುದೂ ಇಲ್ಲದೆ ವಾದ್ಯದ ಮೈಯೇ ನಾದ ಕೊಡುತ್ತದೆ. ಉದಾಹರಣೆ: ತಾಳ, ಜಾಗಟೆ, ಕಂಸಾಳೆ. ಹತ್ತಿರದ ವಿವರ: ಮಲೆ ಮಹದೇಶ್ವರನ ಭಕ್ತರ ಕಂಸಾಳೆಯಲ್ಲಿ ಒಂದು ಬಟ್ಟಲಿನಂಥದ್ದು, ಇನ್ನೊಂದು ಚಪ್ಪಟೆ; ಎರಡೂ ಕಂಚಿನವು. ಗೊಂದಲದ ವಾದ್ಯ: ಘಟ. ಮೃದಂಗದ ಪಕ್ಕ ಕೂತು ಬೆರಳಲ್ಲೇ ನುಡಿಸುವುದರಿಂದ ಚರ್ಮವಾದ್ಯದ ಗುಂಪಿಗೆ ಸೇರಿಸುವವರು ಬಹಳ. ಆದರೆ ಅದರಲ್ಲಿ ಚರ್ಮವೇ ಇಲ್ಲ, ಕಂಪಿಸುವುದು ಸುಟ್ಟ ಮಣ್ಣಿನ ಗೋಡೆ. ಹೀಗೆ ತುಂಬಿದರೆ ಆ ಕಂಬಸಾಲು ಮೇಲಿನಿಂದ ಕೆಳಕ್ಕೆ ಒಂದು ಪ್ಯಾರಾ ಆಗಿಬಿಡುತ್ತದೆ.

ಉತ್ತರ: ನಾದ_ಲಯ

ನಾಲ್ಕನೇ ಅಡ್ಡಸಾಲನ್ನು ಖಾಲಿ ಬಿಡಲೇಬೇಡಿ. ಆಧಾರ ಗಟ್ಟಿಯೋ ಅಲ್ಲವೋ ತಿಳಿಯುವುದು ಅಲ್ಲೇ. ಹಾರ್ಮೋನಿಯಂಗೆ ಮನೆಗಳಿವೆ, ಬೆರಳಲ್ಲಿ ಒತ್ತುತ್ತೇವೆ, ಆದರೆ ತಿದಿಯ ಗಾಳಿ ಹಾಯದೆ ಅದರ ರೀಡು (ಒಳಗಿನ ತೆಳು ಲೋಹದ ಪಟ್ಟಿ) ಮಿಡುಕುವುದಿಲ್ಲ. ಅದಕ್ಕೇ ಸುಷಿರಕ್ಕೆ ಸೇರಿಸುವುದು. ರೀಡು ಲೋಹದ್ದು ಅಂತ ಘನಕ್ಕೆ ಎಳೆಯಬೇಡಿ. ‘ಮೊದಲು ಕಂಪಿಸುವುದು’ ಅನ್ನುವ ಕಡೆ ‘ಕಂಪಿಸುವುದು ಅಥವಾ ಕಂಪಿಸಲು ಕಾರಣವಾಗುವುದು’ ಎಂದು ತಿದ್ದಿಕೊಂಡರೆ ಈ ತಕರಾರು ಏಳುವುದಿಲ್ಲ. ಖಂಜಿರದಲ್ಲಿ ಬಿಲ್ಲೆಗಳಿದ್ದರೂ ಮುಖ್ಯ ನಾದ ಚರ್ಮದ್ದು, ಹಾಗಾಗಿ ಅವನದ್ಧ. ಎಲ್ಲಮ್ಮನ ಹಾಡುಗಳಲ್ಲಿ ಕೇಳುವ ಚೌಡಿಕೆ ನೋಡಲು ಚರ್ಮವಾದ್ಯದ ಹಾಗೆ, ಮೀಟುವುದು ಮಾತ್ರ ತಂತಿಯನ್ನು: ತತ.

‘ಇತರೆ’ ಎಂಬ ಐದನೇ ಕಂಬಸಾಲು ಮಾತ್ರ ಬೇಡ. ಅದು ಬಂತೆಂದರೆ ಆಧಾರ ಎಲ್ಲೋ ಸೋರುತ್ತಿದೆ ಎಂದರ್ಥ.

ಪಿಯು_ವಿದ್ಯಾರ್ಥಿನಿ

ತುಂಬಾ ಧನ್ಯವಾದ ಸರ್, ಇಬ್ಬರಿಗೂ. ಇನ್ನೆರಡು ಪ್ರಶ್ನೆ. ಎಲೆಕ್ಟ್ರಾನಿಕ್ ಕೀಬೋರ್ಡು ಎಲ್ಲಿ ಬರುತ್ತದೆ? ಜಾನಪದ, ದೇವಸ್ಥಾನ ಎಂಬುದನ್ನು ಪೂರ್ತಿ ಕೈಬಿಡಬೇಕಾ?

ಉತ್ತರ: ಪ್ರಬಂಧ_ಪಾಠ

ಕೈಬಿಡಬೇಡಿ, ಜಾಗ ಬದಲಿಸಿ. ಅವು ವರ್ಗಗಳಲ್ಲ, ಮೂರನೇ ಅಡ್ಡಸಾಲಿನ ವಿವರಗಳು. ‘ಅವನದ್ಧ’ದ ಕೆಳಗೆ ಡೊಳ್ಳಿನ ಪಕ್ಕ ಬೀರೇದೇವರ ಪರಂಪರೆ, ‘ಸುಷಿರ’ದ ಕೆಳಗೆ ನಾಗಸ್ವರದ ಪಕ್ಕ ದೇವಸ್ಥಾನ, ಮದುವೆ ಎಂದು ಬರೆಯಿರಿ. ಬಳಸುವ ಜಾಗವನ್ನೇ ಆಧಾರ ಮಾಡಿಕೊಳ್ಳಬಹುದಿತ್ತು. ಆದರೆ ನಾಗಸ್ವರ ಎರಡೂ ಕಡೆ ನುಡಿಯುವುದರಿಂದ ಆ ಆಧಾರ ನಿಲ್ಲುವುದಿಲ್ಲ.

ಕೀಬೋರ್ಡಿನ ನಾದ ವಿದ್ಯುತ್ ಮಂಡಲದಲ್ಲಿ ಹುಟ್ಟುತ್ತದೆ, ನಾಲ್ಕರಲ್ಲಿ ಒಂದಕ್ಕೂ ಸೇರದು. 1914ರಲ್ಲಿ ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ ಎಂಬ ಸಂಗೀತ ವಿದ್ವಾಂಸರು ಮಾಡಿದ ವಿಂಗಡಣೆಯಲ್ಲೂ ನಾಲ್ಕೇ ವರ್ಗಗಳಿದ್ದವು, ವಿದ್ಯುತ್ ವಾದ್ಯಗಳ ವರ್ಗ ಸೇರಿದ್ದು ಆಮೇಲೆ. ನಿಮ್ಮ ಪ್ರಬಂಧದಲ್ಲಿ ಪೀಠಿಕೆಯಲ್ಲೇ ‘ವಿದ್ಯುತ್ ಇಲ್ಲದೆ ನುಡಿಯುವ ವಾದ್ಯಗಳು’ ಎಂದು ಎಲ್ಲೆ ಹಾಕಿಬಿಡಿ. ನಕ್ಷೆಯ ತಲೆಯ ಚೌಕದಲ್ಲೂ ಅದನ್ನೇ ಬರೆಯಿರಿ.

ಉತ್ತರ: ಕೆಂಪು_ಶಾಯಿ

ಪದಗಳ ಹಂಚಿಕೆಯನ್ನೂ ನಕ್ಷೆಯಲ್ಲೇ ಗುರುತು ಹಾಕಿ: ಪೀಠಿಕೆ 70, ಪ್ರತಿ ವರ್ಗಕ್ಕೆ 90ರಂತೆ 360, ಮುಕ್ತಾಯ 60. ಹತ್ತು ಪದ ಕೈಯಲ್ಲಿರಲಿ. ಹೀಗೆ ಮಾಡದಿದ್ದರೆ ವೀಣೆಯ ಏಳು ತಂತಿ, 24 ಮೆಟ್ಟಿಲು ವಿವರಿಸುವಷ್ಟರಲ್ಲೇ 200 ಪದ ಮುಗಿದು, ಕೊನೆಯ ವರ್ಗಕ್ಕೆ ಎರಡು ಸಾಲು ಉಳಿಯುತ್ತದೆ. ಮೌಲ್ಯಮಾಪನದಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ.

ಕ್ರಮವನ್ನೂ ಯೋಚಿಸಿ. ತತದಿಂದ ಶುರುಮಾಡಿ, ಆಮೇಲೆ ಸುಷಿರ, ಅವನದ್ಧ, ಕೊನೆಗೆ ಘನ. ಅವನದ್ಧದ ಕೊನೆಯ ವಾಕ್ಯ ಮೃದಂಗದ್ದಾದರೆ, ಪಕ್ಕದಲ್ಲೇ ಕೂತ ಘಟದಿಂದ ಘನಕ್ಕೆ ಸಲೀಸಾಗಿ ದಾಟಬಹುದು.