ಊರಿನಲ್ಲಿ ಇಲ್ಲದಾಗ ಹಿತ್ತಲಿನ ತರಕಾರಿ ಗಿಡಗಳಿಗೆ ನೀರಿನ ವ್ಯವಸ್ಥೆ

ಪ್ರಶ್ನೆ: ಹಿತ್ತಲ ಬದನೆ, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಮಗಳ ಮನೆಯ ಗೃಹಪ್ರವೇಶಕ್ಕೆಂದು ಏಪ್ರಿಲ್‌ನಲ್ಲಿ ನಾವಿಬ್ಬರೂ ಹತ್ತು ದಿನ ಬೆಂಗಳೂರಿನಲ್ಲಿ ಇರಬೇಕಾಗುತ್ತದೆ. ಹಿತ್ತಲಿನಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ ಸೇರಿ 30 ಗ್ರೋಬ್ಯಾಗ್‌ಗಳಿವೆ. ಪಕ್ಕದಲ್ಲಿ ಮೆಂತ್ಯ ಮತ್ತು ಹರಿವೆಯ ಒಂದು ಮಡಿ ಇದೆ. ತಾರಸಿಯ ಮೇಲೆ 1,000 ಲೀಟರಿನ ಸಿಂಟೆಕ್ಸ್ ಇದ್ದು, ಅದಕ್ಕೆ ಕೊಳವೆಬಾವಿಯ ಗಡಸು ನೀರು ಬರುತ್ತದೆ. ಅದಕ್ಕೇ ಒಂದು ಟೈಮರ್ ಜೋಡಿಸಿ ಹನಿ ನೀರಾವರಿಯ ಪೈಪು ಎಳೆದರೆ ಸಾಕೆಂದು ಅಂಗಡಿಯವರು ಹೇಳುತ್ತಾರೆ. ಕರೆಂಟ್ ಹೋದರೆ ಅಥವಾ ಪೈಪು ಕಳಚಿಕೊಂಡರೆ ಏನು ಗತಿ ಎಂಬುದಕ್ಕೆ ಮಾತ್ರ ಅವರಲ್ಲಿ ಉತ್ತರವಿರಲಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಹನಿಪೈಪು, ದಾವಣಗೆರೆ

ಮೇಡಂ, ಟೈಮರನ್ನು ಮನೆಯ ಸಿಂಟೆಕ್ಸ್‌ಗೆ ಜೋಡಿಸಲೇಬೇಡಿ. ಗಿಡ ಒಣಗುವುದಕ್ಕಿಂತ ದೊಡ್ಡ ಅಪಾಯ ಸೋರಿಕೆಯದು. ಎಲ್ಲೋ ಒಂದು ಜಾಯಿಂಟ್ ಬಿಚ್ಚಿಕೊಂಡು ಸಿಂಟೆಕ್ಸ್ ಖಾಲಿಯಾದರೆ, ಆಟೋಮ್ಯಾಟಿಕ್ ಸ್ವಿಚ್ ಇರುವ ಮನೆಗಳಲ್ಲಿ ಮೋಟಾರು ಮತ್ತೆ ಮತ್ತೆ ಓಡಿ, ಬೋರ್‌ವೆಲ್‌ನಲ್ಲಿ ನೀರು ಇಳಿದಾಗ ಸುಟ್ಟುಹೋಗುವ ಸಂಭವವೂ ಇರುತ್ತದೆ. ಆದ್ದರಿಂದ ತಾರಸಿಯ ಮೇಲೆ, ಕೆಳಗೆ ತೊಲೆ ಅಥವಾ ಗೋಡೆ ಇರುವ ಕಡೆ ನೋಡಿಕೊಂಡು, 500 ಲೀಟರಿನ ಒಂದು ಕಪ್ಪು ಟ್ಯಾಂಕನ್ನು ಬೇರೆಯಾಗಿಯೇ ಇಡಿಸಿ, ಹೊರಡುವ ಹಿಂದಿನ ದಿನ ತುಂಬಿಸಿ, ಅದಕ್ಕೆ ಬೇರಾವ ಸಂಪರ್ಕವನ್ನೂ ಕೊಡದೆ ಬಿಡಿ. ಏನೇ ಕೆಟ್ಟರೂ ಹೋಗುವುದು ಅಷ್ಟೇ ನೀರು.

ಲೆಕ್ಕವೂ ಸರಿಹೊಂದುತ್ತದೆ. ಏಪ್ರಿಲ್ ಬಿಸಿಲಿಗೆ ಚೀಲಕ್ಕೆ ದಿನಕ್ಕೆ ಒಂದೂವರೆ ಲೀಟರ್ ಎಂದುಕೊಂಡರೆ 30 ಚೀಲಕ್ಕೆ 45 ಲೀಟರ್, ಹತ್ತು ದಿನಕ್ಕೆ 450. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಕೆ.ಜಿ. (ಅಂದರೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ.) ಒತ್ತಡ ಕೊಡುತ್ತದೆ, ನಿಮ್ಮ ತಾರಸಿ ಮೂರು ಮೀಟರ್ ಎತ್ತರವಿದ್ದರೆ ಸಿಗುವುದು 0.3 ಕೆ.ಜಿ. ಮಾತ್ರ. ಆದರೆ ಹರಿವು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಒಂದು ಕೆ.ಜಿ. ಒತ್ತಡದಲ್ಲಿ ಗಂಟೆಗೆ 4 ಲೀಟರ್ ಕೊಡುವ ಸಾಮಾನ್ಯ ಡ್ರಿಪ್ಪರ್ (ಪೈಪಿನಿಂದ ಹನಿ ಬಿಡುವ ಚಿಕ್ಕ ಬಾಯಿ) ಇಲ್ಲಿ ಎರಡು ಲೀಟರಿಗಿಂತ ತುಸು ಹೆಚ್ಚು ಕೊಡುತ್ತದೆ. ಹೀಗಾಗಿ ಚೀಲಕ್ಕೊಂದು ಡ್ರಿಪ್ಪರ್ ಇಟ್ಟು ಬೆಳಿಗ್ಗೆ 20 ನಿಮಿಷ, ಸಂಜೆ 20 ನಿಮಿಷ ಬಿಟ್ಟರೆ ಸಾಕು. ಒತ್ತಡ ಸರಿದೂಗಿಸುವ ದುಬಾರಿ ಡ್ರಿಪ್ಪರ್‌ಗಳು ಸಾಮಾನ್ಯವಾಗಿ ಅರ್ಧ ಕೆ.ಜಿ.ಗಿಂತ ಹೆಚ್ಚಿನ ಒತ್ತಡ ಬೇಡುವುದರಿಂದ ನಿಮಗೆ ಅವು ನಿರರ್ಥಕ.

ಟೈಮರಿನ ವಿಷಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸೊಲೆನಾಯ್ಡ್ ವಾಲ್ವ್ (ವಿದ್ಯುತ್ಕಾಂತದಿಂದ ತೆರೆದು ಮುಚ್ಚುವ ವಾಲ್ವ್) ಇರುವ ಅಗ್ಗದ ಟೈಮರ್‌ಗಳಲ್ಲಿ ರಬ್ಬರ್ ಪೊರೆಯನ್ನು ಸರಿಯಾಗಿ ಮುಚ್ಚುವುದು ನೀರಿನ ಒತ್ತಡವೇ ಆಗಿರುವುದರಿಂದ, ತಾರಸಿ ಟ್ಯಾಂಕಿನ ಒತ್ತಡಕ್ಕೆ ಅವು ಪೂರ್ತಿ ಮುಚ್ಚದೆ ಜಿನುಗುತ್ತಲೇ ಇರಬಹುದು. ಒಳಗೆ ಚಿಕ್ಕ ಮೋಟಾರಿನಿಂದ ತಿರುಗುವ ಬಾಲ್‌ವಾಲ್ವ್ ಇರುವುದನ್ನೇ ಕೇಳಿ ಪಡೆಯಿರಿ. ಸೆಲ್ ಹಾಕುವ ಮಾದರಿಯಾದ್ದರಿಂದ ಕರೆಂಟಿನ ಚಿಂತೆಯೂ ಇಲ್ಲ.

ಗಡಸು ನೀರಿನ ಸುಣ್ಣ ಡ್ರಿಪ್ಪರಿನ ಬಾಯಿ ಕಟ್ಟುತ್ತದೆ ಎಂಬುದು ನಿಜ. ಆದರೆ ಬೇಕಾಗಿರುವುದು ಒಂದೇ ಟ್ಯಾಂಕು ನೀರಾದ್ದರಿಂದ ಅದಕ್ಕೆ ನಲ್ಲಿಯಲ್ಲಿ ಬರುವ ಶಾಂತಿಸಾಗರ ಕೆರೆಯ ನೀರನ್ನೇ ತುಂಬಿಸಿದರೆ ಅರ್ಧ ತೊಂದರೆ ಅಲ್ಲಿಗೇ ತಪ್ಪುತ್ತದೆ. ಉಳಿದದ್ದಕ್ಕೆ ಟೈಮರಿಗಿಂತ ಮೊದಲು ಒಂದು ಜಾಲರಿ ಫಿಲ್ಟರ್ ಇರಲಿ, ಡ್ರಿಪ್ಪರ್‌ಗಳು ಬಿಚ್ಚಿ ತೊಳೆಯುವಂಥವಾಗಿರಲಿ. ಟ್ಯಾಂಕಿನ ಮುಚ್ಚಳ ಬಿಗಿಯಾಗಿರಬೇಕೆಂದು ಬೇರೆ ಹೇಳಬೇಕಿಲ್ಲ. ಡೆಂಗಿ ಸೊಳ್ಳೆಗೆ ಬೇಕಾದದ್ದು ಇಂಥ ನಿಂತ ನೀರೇ.

ಉತ್ತರ: ಕೆಂಪುಮಣ್ಣು, ಚಳ್ಳಕೆರೆ

ಮೇಲಿನವರು ನೀರು ಕೊಡುವುದನ್ನು ಹೇಳಿದ್ದಾರೆ, ನಾನು ಉಳಿಸುವುದನ್ನು ಸೇರಿಸುತ್ತೇನೆ. ಚೀಲದ ಮಣ್ಣಿನ ಮೇಲೆ ಎರಡು ಮೂರು ಇಂಚು ಶೇಂಗಾ ಸಿಪ್ಪೆ ಹರಡಿ. ನಮ್ಮ ಎಣ್ಣೆ ಮಿಲ್ಲುಗಳ ಊರಿನಲ್ಲಿ ಅದಕ್ಕೆ ಬರವಿಲ್ಲ. ಭತ್ತದ ಹೊಟ್ಟು ಬೇಡ. ಜೋಗಿಮಟ್ಟಿಯ ಮೇಲೆ ಗಾಳಿಯಂತ್ರ ತಿರುಗಿಸುವ ನಿಮ್ಮೂರಿನ ಗಾಳಿಗೆ ಅದು ಮೂರು ದಿನವೂ ನಿಲ್ಲುವುದಿಲ್ಲ. ಸಾಧ್ಯವಾದರೆ ಚೀಲಗಳನ್ನು ಒತ್ತಾಗಿ ಜೋಡಿಸಿ, ಪಡುವಣ ಬಿಸಿಲಿಗೆ ಅಡ್ಡವಾಗಿ ನೆರಳುಬಲೆ ಕಟ್ಟಿಸಿ. ಮಡಿಯ ಸೊಪ್ಪನ್ನಂತೂ ಹೊರಡುವ ಮುನ್ನ ಕೊಯ್ದು ನೆರೆಯವರಿಗೆ ಹಂಚಿಬಿಡಿ. ಮೆಂತ್ಯಕ್ಕಾಗಿ ಪೈಪು ಎಳೆಯುವುದು ದಂಡ.

ಪ್ರಶ್ನೆ ಕೇಳಿದವರಿಂದ: ಹಿತ್ತಲ ಬದನೆ

ಇಬ್ಬರಿಗೂ ವಂದನೆಗಳು. ಇನ್ನೆರಡು ಸಂದೇಹಗಳಿವೆ. ಮೊಬೈಲಿನಿಂದ ನಡೆಸುವ ವೈಫೈ ಟೈಮರ್ ಹೆಚ್ಚು ಸುರಕ್ಷಿತವೇ? ನಡುವೆ ಅಶ್ವಿನಿ ಮಳೆ ಬಂದರೆ ನೀರು ಹೆಚ್ಚಾಗಿ ಟೊಮೆಟೊ ಬೇರು ಕೊಳೆಯುವುದಿಲ್ಲವೇ?

ಉತ್ತರ: ಹನಿಪೈಪು, ದಾವಣಗೆರೆ

ಕರೆಂಟ್ ಹೋದರೆ ಮನೆಯ ರೂಟರ್ ಸಹ ನಿಲ್ಲುತ್ತದೆ. ಆಗಲೂ ತನ್ನೊಳಗೆ ಉಳಿಸಿಕೊಂಡ ವೇಳೆಯಂತೆ ನಡೆಯುವ ವೈಫೈ ಟೈಮರ್ ಆದರೆ ಅಡ್ಡಿಯಿಲ್ಲ. ಆದರೂ ಅದು ವಾಲ್ವ್ ತೆರೆದದ್ದನ್ನು ತಿಳಿಸುತ್ತದೆಯೇ ಹೊರತು ಮಣ್ಣು ನೆನೆದದ್ದನ್ನಲ್ಲ. ನಡುವೆ ಒಂದು ಸಲ ಇಣುಕಿ ನೋಡಿ ಎಂದು ಪಕ್ಕದ ಮನೆಯವರಿಗೆ ಹೇಳಿ, ಟ್ಯಾಂಕಿನ ವಾಲ್ವ್ ಎಲ್ಲಿದೆ ಎಂಬುದನ್ನು ತೋರಿಸಿ ಹೋದರೆ ಹೆಚ್ಚು ಪ್ರಯೋಜನ. ಮಳೆಗೆ ಅಂಜಬೇಡಿ. ತಳದ ತೂತುಗಳು ತೆರೆದಿದ್ದರೆ ಹೆಚ್ಚಿನ ನೀರು ಇಳಿದುಹೋಗುತ್ತದೆ. ಟೊಮೆಟೊಗೆ ಕೇಡು ತರುವುದು ಒಮ್ಮೆ ಒಣಗಿಸಿ ಒಮ್ಮೆ ತೋಯಿಸುವ ಏರುಪೇರು. ಅದರಿಂದಲೇ ಕಾಯಿ ಬಿರಿಯುವುದು, ತುದಿ ಕಪ್ಪಾಗಿ ಕೊಳೆಯುವುದು.

ಹೊರಡುವ ವಾರಕ್ಕೆ ಮೊದಲೇ ಎಲ್ಲವನ್ನೂ ಜೋಡಿಸಿ, ನೀವು ಮನೆಯಲ್ಲಿರುವಾಗಲೇ ಓಡಿಸಿ. ಬಿಸಿಲಿಗೆ ಪೈಪು ಮೆತ್ತಗಾಗಿ ಬಿಚ್ಚಿಕೊಳ್ಳುವ ಜಾಯಿಂಟ್‌ಗಳು ಆ ವಾರದಲ್ಲೇ ಬಿಚ್ಚಿಕೊಳ್ಳುತ್ತವೆ. ಮೊದಲ ಮತ್ತು ಕೊನೆಯ ಡ್ರಿಪ್ಪರಿನ ಕೆಳಗೆ ಒಂದೊಂದು ಲೋಟವಿಟ್ಟು 20 ನಿಮಿಷದ ನೀರನ್ನು ಅಳೆದು ನೋಡಿ. ಬಹಳ ವ್ಯತ್ಯಾಸ ಕಂಡರೆ ಪೈಪನ್ನು ಎರಡು ಸಾಲಾಗಿ ಒಡೆಯಿರಿ.