ಮೂರು ವಾರದ ಇಂಟೆನ್ಸಿವ್ ಥೆರಪಿಗೆ ಸೇರಿಸುವ ಮೊದಲು ಏನೇನು ನೋಡಿಕೊಳ್ಳಬೇಕು?

ಪಡುಬಿದ್ರಿ_ಪಾಲಕ:
ಮಗಳಿಗೆ 5 ವರ್ಷ. ಸೆರೆಬ್ರಲ್ ಪಾಲ್ಸಿ (ಸಿಪಿ), ಸ್ಪಾಸ್ಟಿಕ್ ಡೈಪ್ಲೀಜಿಯಾ, ಅಂದರೆ ಮೆದುಳಿನ ತೊಂದರೆಯಿಂದ ಮುಖ್ಯವಾಗಿ ಕಾಲುಗಳು ಬಿಗಿ. ಚಲನಶಕ್ತಿಯನ್ನು 1ರಿಂದ 5ರವರೆಗೆ ಹಂತ ಮಾಡುವ ಜಿಎಂಎಫ್‌ಸಿಎಸ್‌ನಲ್ಲಿ 3ನೇ ಹಂತ. ವಾಕರ್ ಹಿಡಿದು ನಡೆಯುತ್ತಾಳೆ, ಕೂತಲ್ಲಿಂದ ತಾನಾಗಿ ಏಳಲಿಕ್ಕೆ ಆಗುವುದಿಲ್ಲ. ಈಗ ವಾರಕ್ಕೆ ಎರಡು ದಿನ 45 ನಿಮಿಷದ ಫಿಸಿಯೋ. ಮಂಗಳೂರಲ್ಲಿ ಒಂದು ಕಡೆ ಇಲಾಸ್ಟಿಕ್ ಪಟ್ಟಿಗಳ ಸೂಟ್ ಹಾಕಿ, ಕೇಜ್ ಒಳಗೆ ಬಂಜಿ ಹಗ್ಗ ಕಟ್ಟಿ, ದಿನಕ್ಕೆ 4 ಗಂಟೆ, ವಾರಕ್ಕೆ 5 ದಿನ, 3 ವಾರ ಮಾಡಿಸ್ತಾರಂತೆ. ಪ್ರಯೋಜನ ಉಂಟಾ? ಎಂತ ಕೇಳಿ ಸೇರಿಸಬೇಕು?

ಮಕ್ಕಳ_ಫಿಸಿಯೋ_ಉಡುಪಿ:
ಎಲ್ಲಕ್ಕಿಂತ ಮೊದಲು ಸೊಂಟದ ಎಕ್ಸ್‌ರೇ. 3ನೇ ಹಂತದ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ತೊಡೆಮೂಳೆಯ ತಲೆ ಗುಳಿಯಿಂದ ಹೊರಗೆ ಸರಿಯುತ್ತದೆ. ಶುರುವಿನಲ್ಲಿ ನೋವೇ ಇರುವುದಿಲ್ಲ, ಹಾಗಾಗಿ ಗೊತ್ತಾಗುವುದೂ ಇಲ್ಲ. ಮೈಗ್ರೇಶನ್ ಪರ್ಸೆಂಟೇಜ್ (ಆ ತಲೆಯ ಶೇಕಡಾ ಎಷ್ಟು ಭಾಗ ಗುಳಿಯಿಂದ ಹೊರಗಿದೆ ಎಂಬ ಅಳತೆ) 30 ದಾಟಿದ್ದರೆ ಮೂಳೆ ಡಾಕ್ಟರು ಒಪ್ಪದೆ ಸೂಟೂ ಬೇಡ, ಕೇಜೂ ಬೇಡ. ಸೂಟಿನ ಇಲಾಸ್ಟಿಕ್ ಕೀಲುಗಳನ್ನು ಒತ್ತಿ ಭಾರ ಹಾಕುತ್ತದೆ. ಹತೋಟಿಗೆ ಬಾರದ ಫಿಟ್ಸ್, ಜಾಸ್ತಿ ಬಾಗಿದ ಬೆನ್ನುಮೂಳೆ ಇದ್ದರೂ ಅಷ್ಟೇ.

ಇನ್ನು ಲೆಕ್ಕ ನೋಡಿ. 3 ವಾರಕ್ಕೆ 60 ಗಂಟೆ. ಈಗಿನ ವೇಗದಲ್ಲಿ ಅಷ್ಟು ಗಂಟೆ ತುಂಬಲು 40 ವಾರ ಬೇಕು. ಬದಲಾವಣೆ ಕಂಡರೆ ಅದು ಸೂಟಿನಿಂದಲೇ ಅಂತ ಹೇಗೆ ಹೇಳುವುದು? ಈ ಸೂಟು ರಷ್ಯಾದ ಗಗನಯಾತ್ರಿಗಳ ಉಡುಪಿನಿಂದ ಬಂದದ್ದು, ನೋಡಲಿಕ್ಕೆ ಗಮ್ಮತ್ತು. ಆದರೆ ಅಷ್ಟೇ ಗಂಟೆಯ ಸೂಟಿಲ್ಲದ ಥೆರಪಿ ಜೊತೆ ಹೋಲಿಸಿದಾಗ ಹೆಚ್ಚಿನ ಲಾಭ ಸ್ಪಷ್ಟವಾಗಿ ಕಂಡಿಲ್ಲ.

ಕೇಳಬೇಕಾದ ಪ್ರಶ್ನೆ ಒಂದೇ: ಆ 4 ಗಂಟೆಯಲ್ಲಿ ಮಗು ತಾನೇ ಕೈಕಾಲು ಆಡಿಸುವುದು ಎಷ್ಟು ನಿಮಿಷ? ಕೆಲವು ಕಡೆ ಹಾಟ್‌ಪ್ಯಾಕ್, ಮಸಾಜ್, ಸ್ಟ್ರೆಚಿಂಗ್‌ನಲ್ಲೇ ಒಂದೂವರೆ ಗಂಟೆ ಕಳೆಯುತ್ತದೆ. ಅದು ಆರಾಮ ಕೊಡಬಹುದು, ಕೌಶಲ ಕಲಿಸುವುದಿಲ್ಲ. ಗುರಿಯೂ "ನಡೆಸುವುದು" ಅಂತ ಇರಬಾರದು. "ಸ್ಟೂಲಿಂದ ಎದ್ದು ವಾಕರ್ ಹಿಡಿಯುವುದು, 5 ಸಲದಲ್ಲಿ 4 ಸಲ, ಯಾರೂ ಮುಟ್ಟದೆ" ಅಂತ ಬರೆಸಿಕೊಳ್ಳಿ. ಶುರುವಿನ ದಿನ, ಮುಗಿಯುವ ದಿನ, 3 ತಿಂಗಳ ನಂತರ ಜಿಎಂಎಫ್‌ಎಂ (ಮಗುವಿನ ಚಲನಶಕ್ತಿಗೆ ಅಂಕ ಕೊಡುವ ಪರೀಕ್ಷೆ) ಮಾಡಿಸಿ. 3ನೇ ಹಂತದ ಮಕ್ಕಳು ಸರಾಸರಿ 4 ವರ್ಷದೊಳಗೇ ತಮ್ಮ ಚಲನಶಕ್ತಿಯ ಶೇ. 90ರಷ್ಟು ತಲುಪಿರುತ್ತಾರೆ. ವಾಕರ್ ಬಿಡಿಸುತ್ತೇವೆ ಎಂದು ಯಾರಾದರೂ ಮಾತು ಕೊಟ್ಟರೆ ಎದ್ದು ಬನ್ನಿ.

ಎಎಫ್‌ಒ_ಕೆಲಸ:
ಕೇಜನ್ನು ಅಷ್ಟು ಸಸಾರ ಮಾಡಬೇಡಿ ಮಾರಾಯ್ರೆ. ಹಗ್ಗ ದೇಹದ ಸ್ವಲ್ಪ ಭಾರ ಹೊತ್ತರೆ ಬೀಳುವ ಹೆದರಿಕೆ ಇಲ್ಲದೆ ಹತ್ತಾರು ಸಲ ಏಳುವ ಅಭ್ಯಾಸ ಆಗುತ್ತದೆ. ತಪ್ಪುವುದು ಎಲ್ಲಿ ಅಂದರೆ, ಹಗ್ಗ ಸಡಿಲ ಮಾಡುತ್ತಾ ಹೋಗುವುದಿಲ್ಲ. ಮೂರನೇ ವಾರವೂ ಮೊದಲ ದಿನದ ಬಿಗಿಯೇ ಇದ್ದರೆ ಮಗು ತೂಗಾಡುತ್ತದೆ ಅಷ್ಟೇ.

ಪಾದವನ್ನೂ ನೋಡಿಸಿ. ಮಂಡಿ ನೇರ ಇಟ್ಟು ಪಾದ ಮೇಲೆತ್ತಿದಾಗ 90 ಡಿಗ್ರಿಗೆ ಬಾರದಿದ್ದರೆ, ಎಎಫ್‌ಒ (ಪಾದ, ಕಣಕಾಲು ಹಿಡಿಯುವ ಪಟ್ಟಿ) ಒಳಗೆ ಹಿಮ್ಮಡಿ ಮೇಲೇಳುತ್ತದೆ, ಪಾದ ನಡುವಿನಲ್ಲಿ ಮುರಿದ ಹಾಗೆ ಬಾಗುತ್ತದೆ. ಆ ಸ್ಥಿತಿಯಲ್ಲಿ 60 ಗಂಟೆ ನಿಲ್ಲಿಸಿದರೆ ಪಾದ ಇನ್ನಷ್ಟು ಹಾಳು. ಮೊದಲು ಸೀರಿಯಲ್ ಕಾಸ್ಟಿಂಗ್, ವಾರಕ್ಕೊಮ್ಮೆ ಬದಲಿಸುವ ಪ್ಲಾಸ್ಟರ್. ಜೂನ್-ಜುಲೈಯಲ್ಲಿ ಬೇಡ, ನಮ್ಮ ಮಳೆಗೆ ಪಿಒಪಿ ಒದ್ದೆಯಾಗಿ ಚರ್ಮ ಕೊಳೆಯುತ್ತದೆ. ಮಾಡಲೇಬೇಕಿದ್ದರೆ ಫೈಬರ್ ಕಾಸ್ಟ್. ಬಿಗಿದ ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಯೋಚನೆ ಇದ್ದರೆ ಅದೂ ಥೆರಪಿಗೆ ಮೊದಲೇ ಆಗಲಿ. ಅದರ ಪರಿಣಾಮ ಇರುವುದು ಸುಮಾರು 3 ತಿಂಗಳು.

ಈ ಸೆಕೆಗೆ ಎಎಫ್‌ಒ ಒಳಗೆ ಮಂಡಿವರೆಗಿನ ಹತ್ತಿ ಸಾಕ್ಸ್ ಹಾಕಿ, ದಿನಕ್ಕೆ ಎರಡು ಜೊತೆ ಬೇಕು. ತೆಗೆದ ಅರ್ಧ ಗಂಟೆಯಲ್ಲಿ ಕೆಂಪು ಹೋಗದಿದ್ದರೆ ಆ ಜಾಗ ಒತ್ತುತ್ತಿದೆ ಅಂತ ಅರ್ಥ, ಸರಿಮಾಡಿಸಿ.

ಪಡುಬಿದ್ರಿ_ಪಾಲಕ:
ಮೂರು ವಾರ ಮುಗಿದ ಮೇಲೆ ಮನೆಯಲ್ಲಿ ಎಂತ ಮಾಡುವುದು? ಖರ್ಚಿಗೆ ಸರ್ಕಾರದ್ದು ಏನಾದರೂ ಉಂಟಾ?

ಮಕ್ಕಳ_ಫಿಸಿಯೋ_ಉಡುಪಿ:
ಮುಗಿದ ಮೇಲೆ ಅಲ್ಲ, ಮೊದಲ ವಾರದಿಂದಲೇ. ಮನೆಯಲ್ಲಿ ಅಭ್ಯಾಸ ನಿಂತರೆ ಗಳಿಸಿದ್ದು ತಿಂಗಳುಗಳಲ್ಲಿ ಕರಗುತ್ತದೆ. ಮಂಡಿಯ ಎತ್ತರದ ಸ್ಟೂಲ್ ತೆಗೆದುಕೊಳ್ಳಿ. ಪಾದ ಮಂಡಿಗಿಂತ ಸ್ವಲ್ಪ ಹಿಂದೆ, ಎದುರು ಗಟ್ಟಿ ಮೇಜು, ಮೂಗು ಕಾಲ್ಬೆರಳ ತುದಿಗಿಂತ ಮುಂದೆ ಬರುವಷ್ಟು ಬಾಗಿ ಏಳಬೇಕು. 8ರಿಂದ 10 ಸಲ, 3 ಸುತ್ತು, ಒಂದು ದಿನ ಬಿಟ್ಟು ಒಂದು ದಿನ. ಸುಲಭವಾದರೆ ಸ್ಟೂಲಿನ ಎತ್ತರ ಇಳಿಸುತ್ತಾ ಬನ್ನಿ, ಕೊನೆಗೆ ಊಟದ ಮಣೆವರೆಗೆ. ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಆಗ ಮಗು ಮುಂದೆ ಬಾಗುವುದನ್ನೇ ಕಲಿಯುವುದಿಲ್ಲ. ಟೈಲ್ಸ್ ಮೇಲೆ ಬರೀ ಸಾಕ್ಸ್‌ನಲ್ಲಿ ಬೇಡವೇ ಬೇಡ.

ಎಎಫ್‌ಒ_ಕೆಲಸ:
ಖರ್ಚಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಉಂಟು, ಸಿಪಿ ಅದರಲ್ಲಿ ಬರುತ್ತದೆ. ವರ್ಷಕ್ಕೆ 1 ಲಕ್ಷದವರೆಗೆ, ಆದರೆ ಥೆರಪಿಗೆ ಒಳಮಿತಿ ಇರುವುದರಿಂದ ಪೂರ್ತಿ ಹಣ ಬರುವುದಿಲ್ಲ. ಅಂಗವೈಕಲ್ಯ ಪ್ರಮಾಣಪತ್ರ ಬೇಕಾಗುತ್ತದೆ, ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಲ್ಲದಿದ್ದರೆ ಅದನ್ನು ಮೊದಲು ಮುಗಿಸಿ. ಎಲ್ಲಾ ಬಿಲ್ಲುಗಳ ಅಸಲಿ ಪ್ರತಿ ಇಟ್ಟುಕೊಳ್ಳಿ. ಎಕ್ಸ್‌ರೇ, ಮೊದಲ ತಪಾಸಣೆಗೆ ಖಾಸಗಿಗೇ ಹೋಗಬೇಕೆಂದಿಲ್ಲ, ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ ನೋಡಿ.