ಪದ ಬೇಕು: ಮೈಕೊರೈಜಾ, ಸಾಲ್ಟ್ ಟಾಲರೆನ್ಸ್ (ನಾಳೆ ಅಚ್ಚಿಗೆ)

ಗೆಳೆಯರೇ,
ಹಣ್ಣಿನ ಸಸಿಗಳ ಚೀಲಕ್ಕೆ ಅಂಟಿಸುವ ಚೀಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನೆಡುವಾಗ ಮೈಕೊರೈಜಾ (ಬೇರಿನ ಜೊತೆ ಕೂಡಿ ಬಾಳುವ ಶಿಲೀಂಧ್ರ) ಪುಡಿಯನ್ನು ಬೇರಿಗೆ ತಾಗುವಂತೆ ಹಾಕಿದರೆ ಗಿಡ ಉಪ್ಪುನೀರನ್ನು ಚೆನ್ನಾಗಿ ತಾಳುತ್ತದೆ ಅನ್ನುವುದು ಅದರ ತಿರುಳು. 'ಬೇರುಶಿಲೀಂಧ್ರ' ಅನ್ನಬಹುದಾ? ಟಾಲರೆನ್ಸಿಗೆ 'ಉಪ್ಪು ನಿರೋಧಕ ಶಕ್ತಿ' ಸರಿಯೇ?

ಉತ್ತರ 1
ಬೇರುಶಿಲೀಂಧ್ರ ಅರಿಸಮಾಸ, ಕನ್ನಡ-ಸಂಸ್ಕೃತದ ಬೆರಕೆ. ಬೇಡ. 'ಬೇರುಬೂಷ್ಟು' ಅನ್ನಿ, ಮುಗಿಯಿತು. ಗ್ರೀಕಿನಲ್ಲೂ ಅಷ್ಟೇ. ಮೈಕೆಸ್ ಅಂದರೆ ಅಣಬೆ, ರೈಜಾ ಅಂದರೆ ಬೇರು. 1885ರಲ್ಲಿ ಸಸ್ಯವಿಜ್ಞಾನಿ ಫ್ರಾಂಕ್ ಎರಡನ್ನೂ ಜೋಡಿಸಿದರು. ನಮ್ಮ ಬೇರು ಇರುವಾಗ ಸಂಸ್ಕೃತದ ಬಾಲ ಯಾಕೆ?

ಉತ್ತರ 2
ಆ ಫ್ರಾಂಕ್ ಜರ್ಮನಿಯವರು. ಪದ ಬೇಕಾದಾಗ ಗ್ರೀಕಿನಿಂದ ಎರವಲು ತಂದರು. ದಿನಾ ಮಳೆಗಾಲ ಅನ್ನುವ ನಾವು ಅರಿಸಮಾಸಕ್ಕೆ ಈಗ ಬೆಚ್ಚಬೇಕಾ?

ಬೂಷ್ಟು ಬೇಡವೇ ಬೇಡ. ಅದು ಒರೆಸಿ ಬಿಸಾಡುವಂಥದ್ದು. ಚೀಟಿಯಲ್ಲಿ ಆ ಪದ ಕಂಡವರು ಬುಡಕ್ಕೆ ಶಿಲೀಂಧ್ರನಾಶಕ ಸುರಿದಾರು. ಹಾಕಿದ್ದೆಲ್ಲ ಹಾಳು. ಬರೀ 'ಶಿಲೀಂಧ್ರ' ಅಂದರೂ ಹೆಚ್ಚಿನವರಿಗೆ ರೋಗವೇ ನೆನಪಾಗುತ್ತದೆ. 'ಬೇರುನಂಟು ಶಿಲೀಂಧ್ರ' ಅನ್ನಿ, ಪಕ್ಕದಲ್ಲೇ ಮೈಕೊರೈಜಾ ಅಂತ ಹಾಕಿ. ಅಂಗಡಿಯಲ್ಲಿ ಕೇಳುವುದು ಆ ಹೆಸರನ್ನೇ.

'ನಿರೋಧಕ' ಇನ್ನೂ ದೊಡ್ಡ ತಪ್ಪು. ಈ ಶಿಲೀಂಧ್ರ ಉಪ್ಪನ್ನು ತೆಗೆಯುವುದಿಲ್ಲ. ಉಪ್ಪು ಮಣ್ಣಲ್ಲೇ ಇರುತ್ತದೆ. ಶಿಲೀಂಧ್ರದ ಎಳೆಗಳು ಬೇರಿಗೆ ಎಟುಕದ ಜಾಗಕ್ಕೂ ಹೋಗಿ ನೀರು, ರಂಜಕ ತಂದುಕೊಡುತ್ತವೆ. ಎಲೆಗೆ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಜಾಸ್ತಿ ಸೇರಲು ನೆರವಾಗುತ್ತವೆ. ಅದರಿಂದ ಎಲೆಯ ತುದಿ, ಅಂಚು ಕಂದಿ ಸುಡುವುದು ತಗ್ಗುತ್ತದೆ. ನೀರಿನಲ್ಲಿ ಉಪ್ಪು ಮಿತಿಮೀರಿದರೆ ಯಾವ ಪುಡಿಯೂ ಕಾಯುವುದಿಲ್ಲ. 'ನಿರೋಧಕ' ಅಂತ ಓದಿದವರು ಎಂಥ ನೀರಾದರೂ ನಡೆಯುತ್ತೆ ಅಂದುಕೊಂಡರೆ ಸಾಯುವುದು ಗಿಡ. 'ಉಪ್ಪು ತಾಳುವ ಶಕ್ತಿ' ಅನ್ನಿ. 'ಲವಣ ಸಹಿಷ್ಣುತೆ' ವರದಿಗಳಲ್ಲಿ ಇರಲಿ.

ಜಾಗ ಇದ್ದರೆ ಇನ್ನೊಂದು ಸಾಲು ಸೇರಿಸಿ: ರಂಜಕದ ಗೊಬ್ಬರ ಅತಿಯಾಗಿ ಹಾಕಬೇಡಿ. ರಂಜಕ ಸುಲಭವಾಗಿ ಸಿಕ್ಕರೆ ಬೇರು ಈ ನಂಟನ್ನೇ ಬೆಳೆಸುವುದಿಲ್ಲ.

ಉತ್ತರ 1ರವರು
ನಂಟು ಒಪ್ಪಿದೆ. ಶಿಲೀಂಧ್ರ ಒಪ್ಪಲಾರೆ. ಅಣಬೆ ಇಲ್ವಾ ನಮ್ಮಲ್ಲಿ? ಹೀಗೇ ಬಿಟ್ಟರೆ ನಾಳೆ ಬೇರನ್ನೂ 'ಮೂಲ' ಅಂತೀರಿ.

ಉತ್ತರ 2ರವರು
ಬೇರನ್ನು ಯಾರೂ ಮುಟ್ಟಿಲ್ಲ, ಸರ್. ಅಣಬೆ ಅಂದರೆ ಕೊಡೆ ಬಿಚ್ಚಿಕೊಂಡು ಮೇಲೆ ಬರುವಂಥದ್ದು. ಹಣ್ಣಿನ ಗಿಡಗಳಿಗೆ ಹಾಕುವ ಈ ಬಗೆ ಕೊಡೆ ಬಿಡುವುದೇ ಇಲ್ಲ. ಚೀಟಿ ಓದಿದವರು ಬುಡದಲ್ಲಿ ಅಣಬೆ ಹುಡುಕುತ್ತಾ ಕೂರಬೇಕಾಗುತ್ತದೆ.